ಮುಚ್ಚದೆಯೇ ಬದಲಾಗುವ ವ್ಯೂವರ್: ಏಳು ಹಳೆಯ ಯಂತ್ರಗಳ ಮೇಲೆ ನನ್ನ ಅನುಭವ

ಹಾಸನದ ಬಿ.ಎಂ. ರಸ್ತೆಯ ಪಕ್ಕದ ಒಂದು ಮಹಡಿ ಕೋಣೆಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಗ್ರಾಫಿಕ್ಸ್ ಹೇಳಿಕೊಡುವುದು ನನ್ನ ಕೆಲಸ. ಫ್ರೀಗ್ಲಟ್ (ವಿಂಡೋ ತೆರೆಯಲು ನೆರವಾಗುವ ಲೈಬ್ರರಿ) ಕಾಲದ ಬಣ್ಣದ ಘನದಿಂದ ಹಿಡಿದು ನೆರಳಿನ ಡೆಮೊವರೆಗೆ ನನ್ನ ಬಳಿ ಇಪ್ಪತ್ತಕ್ಕೂ ಹೆಚ್ಚು ಡೆಮೊಗಳಿದ್ದು, ಒಂದೊಂದಕ್ಕೂ ಅದರದೇ ವಿಂಡೋ, ಅದರದೇ ಕ್ಯಾಮೆರಾ, ಅದರದೇ ಮೌಸ್ ಕೋಡ್ ಇದ್ದವು. ಅವೆಲ್ಲವನ್ನೂ ತೆರೆದು ತೋರಿಸುವ ಒಂದೇ ಪ್ರೋಗ್ರಾಂನ, ಅಂದರೆ ವ್ಯೂವರ್‌ನೊಳಗೆ ತರಬೇಕು, ಕೋಡ್ ತಿದ್ದಿ ಬಿಲ್ಡ್ ಮಾಡಿದರೆ (ಯಂತ್ರ ಓಡಿಸುವ ರೂಪಕ್ಕೆ ತಂದರೆ) ವಿಂಡೋ ಮುಚ್ಚದೆ, ಕ್ಯಾಮೆರಾ ಅಲುಗದೆ ಹೊಸ ಚಿತ್ರ ಮೂಡಬೇಕು ಎಂದು ನಾನು ಹೇಳಿದಾಗ, ಬೆಂಗಳೂರಿನಲ್ಲಿ ಗೇಮ್ ಕಂಪನಿಯೊಂದರಲ್ಲಿರುವ ಗೆಳೆಯ, ‘ಸುಮ್ಮನೆ ಒಂದು ಗೇಮ್ ಎಂಜಿನ್ ಹಾಕಿಕೋ ಕಣೋ, ನೀನು ಮಾಡೋದು ದಿನಕ್ಕೆ ಹತ್ತು ಸಲ ಕ್ರ್ಯಾಶ್ ಆಗಿ ಬೀಳುತ್ತೆ’ ಎಂದು ನಕ್ಕ. ಮೊದಲ ತಿಂಗಳು ಅದು ಹತ್ತಕ್ಕಿಂತ ಹೆಚ್ಚು ಸಲವೇ ಬಿತ್ತು.

ಗೇಮ್ ಕಟ್ಟಲು ಬೇಕಾದ್ದೆಲ್ಲ ಸಿದ್ಧವಿರುವ ಭಾರೀ ಪ್ರೋಗ್ರಾಂ ಆದ ಗೇಮ್ ಎಂಜಿನ್ ನನಗೆ ಆಗದ ಮಾತಾಗಿತ್ತು. ನನ್ನ ಏಳು ಯಂತ್ರಗಳಲ್ಲಿರುವುದು ತಲಾ 4 ಜಿಬಿ ರ್‍ಯಾಮ್; ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಗೆಳೆಯನ ಮಾತಿಗೆ ಒಂದು ಯಂತ್ರಕ್ಕಾದರೂ ಇರಲಿ ಎಂದು ಸುಮಾರು ಹದಿನಾಲ್ಕು ಸಾವಿರ ಕೊಟ್ಟು ಹಳೆಯ ಕಾರ್ಡೊಂದನ್ನು ತಂದೆ. ಯಂತ್ರದ ಪವರ್ ಸಪ್ಲೈ ಅದನ್ನು ತಾಳಲಿಲ್ಲ. ಎರಡು ತಿಂಗಳಲ್ಲಿ ಎಂಟೋ ಒಂಬತ್ತೋ ಸಾವಿರಕ್ಕೆ ಮಾರಿದೆ. ಆಮೇಲೆ ಈ ಹಳೆಯ ಯಂತ್ರಗಳಲ್ಲೂ ಓಡುವ, ಚಿತ್ರ ಬಿಡಿಸಲು ಬಳಸುವ ಓಪನ್‌ಜಿಎಲ್ 3.3ಕ್ಕೇ ಗಟ್ಟಿಯಾಗಿ ಅಂಟಿಕೊಂಡೆ.

ಪ್ರತಿ ಡೆಮೊ ಒಂದು ಶೇರ್ಡ್ ಲೈಬ್ರರಿ, ಅಂದರೆ ಓಡುತ್ತಿರುವ ಪ್ರೋಗ್ರಾಂ ಬೇಕಾದಾಗ ತೆರೆದು ಬಳಸುವ ಪ್ರತ್ಯೇಕ ಕೋಡ್ ಫೈಲ್. ಆರಂಭ, ನಡಿಗೆ, ಚಿತ್ರಣ, ಮುಕ್ತಾಯ ಎಂಬ ನಾಲ್ಕು ಫಂಕ್ಷನ್‌ಗಳನ್ನಷ್ಟೇ ಅದು ವ್ಯೂವರ್‌ಗೆ ತೋರಿಸುತ್ತದೆ. ಹೇಳುವುದಕ್ಕೆ ಇಷ್ಟು ಸುಲಭ. ಆದರೆ ತೆರೆದಿರುವ ಲೈಬ್ರರಿಯ ಮೇಲೆಯೇ ಹೊಸದನ್ನು ಬರೆದರೆ ವ್ಯೂವರ್ ಸ್ಥಳದಲ್ಲೇ ಸಾಯುತ್ತದೆ. ಹಳೆಯದನ್ನು ಇಳಿಸದೆ ಅದೇ ಹೆಸರಿನಲ್ಲಿ ಮತ್ತೆ ತೆರೆದರೆ ಹಳೆಯದೇ ಕೈಗೆ ಬರುತ್ತದೆ. ಆದ್ದರಿಂದ ಪ್ರತಿ ಸಲವೂ ಹೊಸ ಹೆಸರಿನ ನಕಲು ಮಾಡಿ ಅದನ್ನು ತೆರೆಯತೊಡಗಿದೆ. ಆಗ ಡೆಮೊ ತನ್ನೊಳಗೆ ನೆನಪಿಟ್ಟುಕೊಳ್ಳುವ ಸ್ಟ್ಯಾಟಿಕ್ ವೇರಿಯಬಲ್‌ಗಳೆಲ್ಲ ಸೊನ್ನೆಗೆ ಮರಳಿದವು. ಅದಕ್ಕಾಗಿ ಉಳಿಯಬೇಕಾದ ಎಲ್ಲ ಮೌಲ್ಯಗಳನ್ನೂ ವ್ಯೂವರ್ ಹಿಡಿದಿಟ್ಟ ಒಂದೇ ಮೆಮೊರಿ ತುಂಡಿಗೆ ಸಾಗಿಸಿದೆ. ಅಲ್ಲಿಗೂ ಮುಗಿಯಲಿಲ್ಲ: ಆ ತುಂಡಿನಲ್ಲಿ ವರ್ಚುವಲ್ ಫಂಕ್ಷನ್ (ಓಡುವಾಗ ವಿಳಾಸ ನೋಡಿ ಕರೆಯುವ ಫಂಕ್ಷನ್) ಇರುವ ಒಂದು ಆಬ್ಜೆಕ್ಟ್ ಕುಳಿತಿತ್ತು, ಅದರೊಳಗಿನ ಪಾಯಿಂಟರ್, ಅಂದರೆ ಆ ವಿಳಾಸ, ಇಳಿದುಹೋದ ಹಳೆಯ ಲೈಬ್ರರಿಯ ಕಡೆಗೇ ಕೈ ತೋರಿಸುತ್ತಿತ್ತು. ಇದೊಂದನ್ನು ಹುಡುಕಲು ಮೂರು ವಾರ ಹಿಡಿಯಿತು. ಈಗ ಅಲ್ಲಿ ಬರೀ ಸಾದಾ ಸ್ಟ್ರಕ್ಟ್ (ಮೌಲ್ಯಗಳ ಗುಂಪು), ಅದರ ತಲೆಯಲ್ಲಿ ಗಾತ್ರ ಮತ್ತು ಆವೃತ್ತಿ ಸಂಖ್ಯೆ. ಅವು ಹೊಸ ಲೈಬ್ರರಿಗೆ ಹೊಂದದಿದ್ದರೆ ಆ ಡೆಮೊ ಮಾತ್ರ ಮೊದಲಿನಿಂದ ಶುರುವಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಸತಾಯಿಸಿದ್ದು ಬೇರೆಯೇ ಒಂದು ತೊಡಕು. ಕೆಲವು ಡೆಮೊಗಳ ಲೈಬ್ರರಿ ಮುಚ್ಚಿದರೂ ಮೆಮೊರಿಯಿಂದ ಇಳಿಯುತ್ತಲೇ ಇರಲಿಲ್ಲ. ಹೊಸ ಲೈಬ್ರರಿ ಬಂದರೂ ಹಲವು ಬಗೆಯ ಮೌಲ್ಯಗಳಿಗೆ ಒಂದೇ ಅಚ್ಚಾಗಿ ಬರೆದ ಕೋಡ್, ಅಂದರೆ ಟೆಂಪ್ಲೇಟ್‌ಗಳೊಳಗಿನ ಹಳೆಯ ಮೌಲ್ಯಗಳೇ ಓಡುತ್ತಿದ್ದವು. ಕೋಡ್ ಕಂಪೈಲ್ ಮಾಡುವ ಜಿಸಿಸಿಗೆ ಬಿಲ್ಡ್ ಫೈಲ್‌ನಲ್ಲಿ ಒಂದೇ ಒಂದು ಫ್ಲ್ಯಾಗ್ (ಸೂಚನೆ) ಕೊಟ್ಟರೆ ಸರಿಹೋಗುತ್ತದೆ. ಅದು ಯಾವುದೆಂದು ಇಲ್ಲಿ ಬರೆಯುವುದಿಲ್ಲ, ಹುಡುಕುವವರಿಗೆ ಸಿಗುತ್ತದೆ.

ಶೇಡರ್‌ಗಳ ಮಾತು ಚಿಕ್ಕದು (ಬಣ್ಣ, ಬೆಳಕು ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂಗಳು ಅವು). ಹೊಸ ಶೇಡರ್ ಕಂಪೈಲ್ ಮತ್ತು ಲಿಂಕ್ ಎರಡೂ ಆದ ಮೇಲೆಯೇ ಹಳೆಯ ಪ್ರೋಗ್ರಾಂ ಬಿಡಬೇಕು. ಆಗ ಹುಡುಗರು ಅರ್ಧವಿರಾಮ ಮರೆತರೂ ಪರದೆ ಕಪ್ಪಾಗುವುದಿಲ್ಲ, ಮೂಲೆಯಲ್ಲಿ ಕೆಂಪು ಸಾಲೊಂದು ಬರುತ್ತದೆ ಅಷ್ಟೆ. ಎಡಿಟರ್ ಇನ್ನೂ ಬರೆಯುತ್ತಿರುವ ಅರೆಬರೆ ಫೈಲನ್ನು ಓದಿ ಮೋಸಹೋಗದಿರಲು ಫೈಲ್ ಬದಲಾದ ಮೇಲೆ ನೂರು ಮಿಲಿಸೆಕೆಂಡಿನಷ್ಟು ಕಾಯುತ್ತೇನೆ.

ಈ ನಡುವೆ ಹಳೇಬೀಡಿಗೆ ಹೋಗಿ ಬಂದದ್ದು ಒಂದು ಹುಚ್ಚಿಗೆ ದಾರಿಯಾಯಿತು. ಹೊಯ್ಸಳೇಶ್ವರದಲ್ಲಿ ತಿರುಗಣಿಯಲ್ಲಿ ಕಡೆದ ಬಳಪದ ಕಲ್ಲಿನ ಕಂಬಗಳನ್ನು ನೋಡಿದಾಗ, ಒಂದು ಅಂಚಿನ ಗೆರೆಯನ್ನು ಅಕ್ಷದ ಸುತ್ತ ತಿರುಗಿಸಿ ಮೇಲ್ಮೈ ಮಾಡುವ ನಮ್ಮ ಡೆಮೊಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲವೆನಿಸಿತು. ಫೋಟೊದಿಂದ ಅಂಚನ್ನು ಸುಮಾರು 420 ಬಿಂದುಗಳಲ್ಲಿ ಗುರುತಿಸಿ, ಸುತ್ತಲೂ 96 ಭಾಗ ಮಾಡಿದಾಗ ಕಂಬ ಚೆನ್ನಾಗಿ ಬಂತು. ಇನ್ನೂ ನುಣುಪಾಗಲೆಂದು 192 ಮಾಡಿದೆ; ಕಂಬದ ತಲೆ ಮಾಯವಾಗಿ, ಅಲ್ಲಿಂದ ಬುಡದವರೆಗೆ ಉದ್ದನೆಯ ತ್ರಿಕೋನಗಳು ಜೋತುಬಿದ್ದವು. 420 ಬಿಂದುಗಳಿಗೆ 192 ಭಾಗವೆಂದರೆ 80,640 ಶೃಂಗಗಳು (ತ್ರಿಕೋನಗಳ ಮೂಲೆಗಳು); 16 ಬಿಟ್ ಇಂಡೆಕ್ಸ್, ಅಂದರೆ ಅವುಗಳ ಕ್ರಮಸಂಖ್ಯೆ, 65,536 ಶೃಂಗಗಳಿಗೆ ಮುಗಿಯುತ್ತದೆಂದು ವರ್ಷಗಟ್ಟಲೆ ಪಾಠ ಹೇಳಿದವನೇ ಅರ್ಧ ದಿನ ಡ್ರೈವರನ್ನು ಬೈಯುತ್ತ ಕುಳಿತಿದ್ದೆ. ಕಂಬದ ಮೇಲೆ ಪ್ರತ್ಯೇಕವಾಗಿ ಅಂಟಿಸಿದ ಅಲಂಕಾರದ ಪಟ್ಟಿಗಳು ದೂರದಿಂದ ಮಿನುಗುತ್ತಿದ್ದವು. ನಿಯರ್ ಪ್ಲೇನನ್ನು (ಕ್ಯಾಮೆರಾಗೆ ಕಾಣುವ ಅತಿ ಹತ್ತಿರದ ದೂರ) 0.001ರಿಂದ 0.1ಕ್ಕೆ ತಂದ ಕೂಡಲೇ ಸುಮ್ಮನಾದವು. ಚೂಪಾದ ಏಣುಗಳಲ್ಲಿ, ಮೇಲ್ಮೈ ಯಾವ ಕಡೆ ಮುಖ ಮಾಡಿದೆ ಎಂದು ಹೇಳುವ ನಾರ್ಮಲ್‌ಗಳನ್ನು ಸರಾಸರಿ ಮಾಡಿದರೆ ಕಲ್ಲು ಕರಗಿದ ಬೆಲ್ಲದಂತೆ ಕಾಣುತ್ತದೆ. ಅಲ್ಲಿ ಬಿಂದುಗಳನ್ನು ಎರಡೆರಡು ಸಲ ಇಟ್ಟು ಬೇರೆ ಬೇರೆ ನಾರ್ಮಲ್ ಕೊಡಬೇಕು. ಹೊಳಪನ್ನು ಹೊಂದಿಸಲು ಎರಡು ಭಾನುವಾರ ಹೋದವು, ಇನ್ನೂ ತೃಪ್ತಿಯಿಲ್ಲ.

ಈಗ ವ್ಯೂವರ್‌ನಲ್ಲಿ 26 ಡೆಮೊಗಳಿವೆ. ಅತ್ಯಂತ ಹಳೆಯ ಯಂತ್ರದಲ್ಲೂ ಎರಡು ಸೆಕೆಂಡಿನೊಳಗೆ ತೆರೆಯುತ್ತದೆ. ಕಳೆದ ಸೆಮಿಸ್ಟರಿನಲ್ಲಿ ಬಿದ್ದದ್ದು ಮೂರೋ ನಾಲ್ಕೋ ಸಲ, ಅವುಗಳಲ್ಲಿ ಎರಡು ಕರೆಂಟ್ ಹೋಗಿದ್ದರಿಂದ. ಹೋದ ತಿಂಗಳು ಊರಿಗೆ ಬಂದಿದ್ದ ಆ ಗೆಳೆಯನನ್ನು ಯಂತ್ರದ ಮುಂದೆ ಕೂರಿಸಿದೆ. ಕಂಬ ತಿರುಗುತ್ತಿರುವಾಗಲೇ ಅವನು ಕೋಡ್ ತಿದ್ದಿದ, ಬಿಲ್ಡ್ ಮಾಡಿದ; ಅಂಚು ಬದಲಾಯಿತು, ತಿರುಗುವುದು ನಿಲ್ಲಲಿಲ್ಲ. ಬೇಕೆಂದೇ ತಪ್ಪು ಬರೆದು ನೋಡಿದ. ಕೆಂಪು ಸಾಲು ಬಂತು, ಕಂಬ ತಿರುಗುತ್ತಲೇ ಇತ್ತು. ಹೊರಡುವಾಗ ಕೋಡ್ ಕೇಳಿದ. ಕೊಟ್ಟಿದ್ದೇನೆ, ಬಿಲ್ಡ್ ಫೈಲ್ ಒಂದನ್ನು ಬಿಟ್ಟು.