ಮುತ್ತಾತ ಏರಿದ ಹಡಗು ಯಾವುದು? ಸೈನ್ಯ ಸಾಗಿಸಿದ ಹಡಗಿನ ಜಾಡು ಹಿಡಿಯುವ ಬಗೆ

ಮೈಸೂರು, ಮಂಡ್ಯ ಸೀಮೆಯ ಎಷ್ಟೋ ಮನೆಗಳಲ್ಲಿ ಹಳೇ ಟ್ರಂಕಿನ ತಳದಲ್ಲಿ ಒಂದೆರಡು ಪದಕ ಬಿದ್ದಿರುತ್ತವೆ. ‘ನಮ್ಮ ಮುತ್ತಾತ ಹಡಗು ಹತ್ತಿ ಯುದ್ಧಕ್ಕೆ ಹೋಗಿದ್ದರಂತೆ’ ಅನ್ನುವ ಮಾತಷ್ಟೇ ಉಳಿದು, ಯಾವ ಹಡಗು, ಎಲ್ಲಿಂದ ಎಲ್ಲಿಗೆ ಅನ್ನುವುದು ಕಳೆದುಹೋಗಿರುತ್ತದೆ. ಹುಡುಕಲು ಹೊರಟವರು ಸಾಮಾನ್ಯವಾಗಿ ಮನೆಯವರ ಬಾಯಲ್ಲಿರುವ ಹಡಗಿನ ಹೆಸರಿನಿಂದಲೇ ಶುರುಮಾಡಿ ದಾರಿ ತಪ್ಪುತ್ತಾರೆ. ಮೊದಲು ಸಿಗಬೇಕಾದ್ದು ಪಲ್ಟನ್ನು. ಆಮೇಲೆ ಬಂದರು ಮತ್ತು ತಾರೀಖು. ಹಡಗಿನ ಸರದಿ ಬರುವುದು ಅದಾದ ಮೇಲೆ.

ಪದಕದಿಂದ ಶುರುಮಾಡಿ. ಹುಣಸೆಹಣ್ಣು, ಬ್ರಾಸೋ ಹಾಕಿ ಉಜ್ಜಲೇಬೇಡಿ. ಅಂಚಿನ ಅಕ್ಷರ ಒಮ್ಮೆ ಸವೆದರೆ ಮತ್ತೆ ಬರುವುದಿಲ್ಲ. ಒಣ ಹತ್ತಿ ಬಟ್ಟೆಯಲ್ಲಿ ಧೂಳು ಒರೆಸಿ, ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಅಂಚಿಗೆ ಓರೆಯಾಗಿ ಹಿಡಿಯಿರಿ. ಪದಕವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಎಂಟು ಹತ್ತು ಫೋಟೋ ತೆಗೆಯಿರಿ. ನೇರ ಬೆಳಕಿನಲ್ಲಿ ಕಾಣದ ಅಕ್ಷರ ಓರೆ ಬೆಳಕಿನಲ್ಲಿ ನೆರಳು ಬಿಟ್ಟು ಎದ್ದು ಕಾಣುತ್ತದೆ. ಆಗಲೂ ಓದಲಾಗದಿದ್ದರೆ ಅಂಚಿನ ಸುತ್ತ ತೆಳು ಬಟರ್ ಪೇಪರ್ ಬಿಗಿಯಾಗಿ ಸುತ್ತಿ, ಮೆತ್ತನೆ ಸೀಸದ ಪೆನ್ಸಿಲನ್ನು ಅಡ್ಡಲಾಗಿ ಹಗುರವಾಗಿ ಆಡಿಸಿ. ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ ಮತ್ತು ವಿಕ್ಟರಿ ಮೆಡಲ್‌ಗಳಲ್ಲಿ ಬರಹ ಅಂಚಿನ ಮೇಲಿರುತ್ತದೆ. 1914-15 ಸ್ಟಾರ್‌ನಲ್ಲಾದರೆ ಹಿಂಬದಿಯಲ್ಲಿರುತ್ತದೆ. ನಂಬರು, ಹುದ್ದೆ, ಹೆಸರು, ಪಲ್ಟನ್ನು, ಹೀಗೆ ಸಾಲಾಗಿ ಓದಿ. ‘ಐ.ಎಸ್.’ ಎಂದು ಕಂಡರೆ ಇಂಪೀರಿಯಲ್ ಸರ್ವಿಸ್, ಅಂದರೆ ಸಂಸ್ಥಾನದ ಪಡೆ. ವಾರ್ ಮೆಡಲ್ ಬೆಳ್ಳಿಯ ಬದಲು ಕಂಚಿನದಾಗಿದ್ದರೆ ಲೇಬರ್ ಕೋರ್‌ನಂಥ ಸಹಾಯಕ ದಳದಲ್ಲಿದ್ದ ಸಂಭವ ಹೆಚ್ಚು.

ಎರಡನೇ ಯುದ್ಧದ ನಕ್ಷತ್ರ ಪದಕಗಳ ಮೇಲೆ ರಣರಂಗದ ಹೆಸರೇ ಇರುತ್ತದೆ: ಆಫ್ರಿಕಾ, ಇಟಲಿ, ಬರ್ಮಾ, ಪೆಸಿಫಿಕ್. ರಿಬ್ಬನ್ ನಂಬಬೇಡಿ, ಮನೆಯಲ್ಲಿ ಯಾರೋ ಬದಲಾಯಿಸಿರಬಹುದು. ಮಲಯಾ, ಸಿಂಗಪುರದಲ್ಲಿ ಕಾದಾಡಿದವರಿಗೆ ಸಂದದ್ದು ಪೆಸಿಫಿಕ್ ಸ್ಟಾರ್. ಪದಕ ಇಲ್ಲದಿದ್ದರೆ ಪಿಂಚಣಿ ಪುಸ್ತಕ, ಡಿಸ್ಚಾರ್ಜ್ ಪತ್ರ ನೋಡಿ. ಮಂಡ್ಯ ಕಡೆಯವರು ಜಮೀನಿನ ಹಳೇ ಸಾಗುವಳಿ ಚೀಟಿಯನ್ನೂ ತೆಗೆದು ನೋಡುವುದು ಒಳ್ಳೆಯದು. ಮಾಜಿ ಸೈನಿಕರೆಂದು ಮಂಜೂರಾದ ಭೂಮಿಯಾಗಿದ್ದರೆ ಕೆಲವೊಮ್ಮೆ ಪಲ್ಟನ್ನಿನ ಸುಳಿವು ಅಲ್ಲೇ ಇರುತ್ತದೆ.

ಇನ್ನು ಊರು, ಹೆಸರು. ಇಲ್ಲೇ ಹೆಚ್ಚು ಜನ ಎಡವುವುದು. ಮಂಡ್ಯ ಜಿಲ್ಲೆಯಾದದ್ದು 1939ರ ಜುಲೈ 1ರಂದು. ಅದಕ್ಕೂ ಹಿಂದಿನ ಕಾಗದದಲ್ಲಿ ಜಿಲ್ಲೆ ಮೈಸೂರು ಎಂದೇ ಇರುತ್ತದೆ. ಪಾಂಡವಪುರವನ್ನು ಫ್ರೆಂಚ್ ರಾಕ್ಸ್ ಎಂದು, ಕೃಷ್ಣರಾಜಪೇಟೆಯನ್ನು ಅತ್ತಿಕುಪ್ಪೆ ಎಂದು, ಕೃಷ್ಣರಾಜನಗರವನ್ನು ಯಡತೊರೆ ಎಂದು, ಶ್ರೀರಂಗಪಟ್ಟಣವನ್ನು ಸೆರಿಂಗಪಟಂ ಎಂದು ಹುಡುಕಿ. ಸಿದ್ದೇಗೌಡರ ಹೆಸರನ್ನು ಇಂಗ್ಲಿಷ್ ಗುಮಾಸ್ತ ಒಮ್ಮೆ ‘ಗೌಡ’, ಇನ್ನೊಮ್ಮೆ ‘ಗೌಡು’, ಮತ್ತೊಮ್ಮೆ ಬರೀ ‘ಸಿದ್ದ’ ಎಂದು ಬರೆದಿರುತ್ತಾನೆ. ಅರಸು ಎಂಬುದು ‘ಅರ್ಸ್’ ಆಗಿರುತ್ತದೆ. ಹೆಸರು ಐದಾರು ರೂಪ ತಾಳಬಹುದು, ನಂಬರು ಅಷ್ಟು ಬದಲಾಗದು. ಅದಕ್ಕೇ ಹೆಸರಿಗಿಂತ ನಂಬರು ಮೇಲು.

ಪಲ್ಟನ್ನು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಮೈಸೂರು ಲ್ಯಾನ್ಸರ್ಸ್ ಆಗಿದ್ದರೆ 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡ್ ಎಂದು ಹುಡುಕಬೇಕು. 1914ರಲ್ಲಿ ಬೊಂಬಾಯಿಂದ ಹೊರಟು ಸುಯೆಜ್ ಸೇರಿ, 1918ರ ಸೆಪ್ಟೆಂಬರ್ 23ರಂದು ಹೈಫಾ ಹಿಡಿದ ಪಡೆಗಳಲ್ಲಿ ಅದೂ ಒಂದು. ಸ್ವಾತಂತ್ರ್ಯದ ಬಳಿಕ 61ನೇ ಕ್ಯಾವಲ್ರಿಯಲ್ಲಿ ವಿಲೀನವಾಯಿತು. ಮೈಸೂರು ಇನ್‌ಫೆಂಟ್ರಿಯ ಮೊದಲ ಪಲ್ಟನ್ನು 1942ರ ಫೆಬ್ರವರಿ 15ರಂದು ಸಿಂಗಪುರ ಶರಣಾದಾಗ ಅಲ್ಲಿತ್ತು. ಮುಂದೆ ಆ ಪಡೆ ಮದ್ರಾಸ್ ರೆಜಿಮೆಂಟ್ ಸೇರಿತು, ಅದರ ದಾಖಲೆ ಕಚೇರಿ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿದೆ. ಸಂಸ್ಥಾನದ ಸೇನೆಯ ಕಡತಗಳಿಗೆ ರಾಜ್ಯ ಪತ್ರಾಗಾರದ ಬೆಂಗಳೂರು, ಮೈಸೂರು ಕಚೇರಿಗಳಲ್ಲಿ ವಿಚಾರಿಸಿ. ದಿಲ್ಲಿಯ ರಾಷ್ಟ್ರೀಯ ಅಭಿಲೇಖಾಗಾರದ ‘ಅಭಿಲೇಖ್ ಪಟಲ್’ ತಾಣದಲ್ಲಿ ಮನೆಯಿಂದಲೇ ಹುಡುಕಬಹುದು.

ತಾರೀಖು ಸಿಗುವುದು ಪಲ್ಟನ್ನಿನ ವಾರ್ ಡೈರಿಯಲ್ಲಿ, ಅಂದರೆ ಯುದ್ಧಕಾಲದ ಅಧಿಕೃತ ದಿನಚರಿಯಲ್ಲಿ. ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಮೊದಲ ಯುದ್ಧದವು ಡಬ್ಲ್ಯುಒ 95 ಎಂಬ ಕಡತಸಾಲಿನಲ್ಲಿವೆ. ಎರಡನೇ ಯುದ್ಧದ ಮಧ್ಯಪ್ರಾಚ್ಯದವು ಡಬ್ಲ್ಯುಒ 169ರಲ್ಲಿ, ಆಗ್ನೇಯ ಏಷ್ಯಾದವು ಡಬ್ಲ್ಯುಒ 172ರಲ್ಲಿ. ಡೈರಿ ಇಡೀ ಓದುವ ಮುಂಚೆ ಎರಡು ಪದ ಹುಡುಕಿ: ‘ಎಂಟ್ರೇನ್ಡ್’ ಎಂದರೆ ರೈಲು ಹತ್ತಿದ ದಿನ, ‘ಎಂಬಾರ್ಕ್ಡ್’ ಎಂದರೆ ಹಡಗು ಹತ್ತಿದ ದಿನ. ಹತ್ತಿದ ದಿನವೇ ಹಡಗು ಹೊರಟಿತೆಂದು ಬರೆದುಕೊಳ್ಳಬೇಡಿ. ಜೊತೆಯ ಹಡಗುಗಳು ಸೇರುವವರೆಗೆ ಬಂದರಿನ ಹೊರಗೆ ಲಂಗರು ಹಾಕಿ ಕಾಯುವುದಿತ್ತು.

ಪಲ್ಟನ್ನು ಇಡಿಯಾಗಿ ಒಂದೇ ಹಡಗಿನಲ್ಲಿ ಹೋಗಿರಬೇಕೆಂದೂ ಇಲ್ಲ. ಕುದುರೆ ಪಡೆಯಂತೂ ಚದುರಿಯೇ ಹೋಗುತ್ತಿತ್ತು. ಒಂದು ಕುದುರೆಗೆ ದಿನಕ್ಕೆ 30–40 ಲೀಟರ್ ನೀರು ಬೇಕು. 500 ಕುದುರೆಗೆ 15ರಿಂದ 20 ಸಾವಿರ ಲೀಟರ್. ಹನ್ನೆರಡು ದಿನದ ದಾರಿಗೆ ಇದೇ 180–240 ಟನ್ ಆಯಿತು. ಹುಲ್ಲು, ಹುರುಳಿ, ಜನರ ನೀರು ಬೇರೆ. ಹಾಗಾಗಿ ಯಾವ ಸ್ಕ್ವಾಡ್ರನ್, ಯಾವ ಕಂಪನಿ ಅನ್ನುವವರೆಗೂ ಇಳಿದು ನೋಡಿ.

ಈಗ ಹಡಗಿಗೆ ಬನ್ನಿ. ನಮ್ಮ ಕಡೆ ಎಚ್‌ಎಂಟಿ ಅಂದರೆ ಮೊದಲು ಕೈಗಡಿಯಾರ ನೆನಪಾಗುತ್ತದೆ. ಯುದ್ಧದ ಕಾಗದದಲ್ಲಿ ಅದು ಸೈನ್ಯ ಸಾಗಿಸುವ ಹಡಗು. ಆದರೆ ಅದೇ ಮೂರಕ್ಷರ ನೌಕಾಪಡೆಯ ಟ್ರಾಲರ್ ದೋಣಿಗೂ ಇತ್ತು. ಸಾವಿರ ಜನರ ಪಡೆ ಟ್ರಾಲರ್‌ನಲ್ಲಿ ಹೋಗಲಾರದು, ನೋಡಿಕೊಳ್ಳಿ. ಹೆಸರಿನ ಹಿಂದಿನ ಅಕ್ಷರ ಬದಲಾಗುತ್ತಲೂ ಇತ್ತು. ಬ್ರಿಟಿಷ್ ಇಂಡಿಯಾ ಕಂಪನಿಯ ಪ್ರಯಾಣಿಕ ಹಡಗು ‘ಕರಂಜಾ’ ಯುದ್ಧದಲ್ಲಿ ನೌಕಾಪಡೆ ಸೇರಿ ‘ಎಚ್‌ಎಂಎಸ್ ಕರಂಜಾ’ ಆಯಿತು. 1942ರ ಮೇ ತಿಂಗಳಲ್ಲಿ ಮಡಗಾಸ್ಕರ್‌ನಲ್ಲಿ ಪಡೆ ಇಳಿಸಿ, ಅದೇ ವರ್ಷ ನವೆಂಬರ್ 12ರಂದು ಅಲ್ಜೀರಿಯಾದ ಬೂಜಿಯಲ್ಲಿ ಬಾಂಬಿಗೆ ಸಿಕ್ಕಿ ಮುಳುಗಿತು. ಅದೇ ಹೆಸರಿನ ಇನ್ನೊಂದು ಹಡಗು 1948ರಲ್ಲಿ ಬಂತು. ಇಂಟರ್ನೆಟ್‌ನಲ್ಲಿ ಸಿಗುವ ಚಿತ್ರ ಎರಡರಲ್ಲಿ ಯಾವುದೂ ಆಗಿರಬಹುದು. ಹೆಸರೇ ಬದಲಾದದ್ದೂ ಉಂಟು: ಅಮೆರಿಕದ ‘ಯುಎಸ್‌ಎಸ್ ಹರ್ಮಿಟೇಜ್’ ಮೊದಲು ಇಟಲಿಯ ‘ಕಾಂಟೆ ಬಿಯಾಂಕಮಾನೊ’. ಆದ್ದರಿಂದ ಹೆಸರಿನ ಜೊತೆ ಕಟ್ಟಿದ ವರ್ಷ, ಕಂಪನಿ, ಟನ್ನೇಜು ಮೂರನ್ನೂ ಬರೆದಿಟ್ಟುಕೊಳ್ಳಿ. ಗ್ರಾಸ್ ಟನ್ನೇಜ್ ತೂಕವಲ್ಲ, ಒಳಗಿನ ಜಾಗದ ಅಳತೆ. 100 ಘನ ಅಡಿಗೆ ಒಂದು ಟನ್.

ಎರಡನೇ ಯುದ್ಧದ ವ್ಯಾಪಾರಿ ಹಡಗುಗಳ ಓಡಾಟದ ಕಾರ್ಡುಗಳು ಅದೇ ನ್ಯಾಷನಲ್ ಆರ್ಕೈವ್ಸ್‌ನ ಬಿಟಿ 389ರಲ್ಲಿ, ಕಾನ್ವಾಯ್ (ಕಾವಲಿನಲ್ಲಿ ಗುಂಪಾಗಿ ಸಾಗುವ ಹಡಗುಗಳು) ಕಡತಗಳು ಎಡಿಎಂ 199 ಮತ್ತು 237ರಲ್ಲಿವೆ. ಕಾನ್ವಾಯ್ ಅಕ್ಷರಗಳೇ ದಾರಿ ಹೇಳುತ್ತವೆ. ಬಿಎಂ ಎಂದರೆ ಬೊಂಬಾಯಿಂದ ಮಲಯಾ, ಕೆಆರ್ ಎಂದರೆ ಮೊಂಬಾಸಾದ ಕಿಲಿಂಡಿನಿಯಿಂದ ಸಿಂಹಳ. ಕೆಆರ್-8ರಲ್ಲಿದ್ದ ‘ಖೆಡಿವ್ ಇಸ್ಮಾಯಿಲ್’ 1944ರ ಫೆಬ್ರವರಿ 12ರಂದು ಮಾಲ್ಡೀವ್ಸ್ ಬಳಿ ಜಪಾನಿನ ಐ-27 ಸಬ್‌ಮರೀನ್ ಹೊಡೆದ ಟಾರ್ಪಿಡೋಗೆ ಎರಡೇ ನಿಮಿಷದಲ್ಲಿ ಮುಳುಗಿ 1,297 ಜನ ಸತ್ತರು. ಅಂದಿನ ಪತ್ರಿಕೆಗಳಲ್ಲಿ ಇಂಥ ಸುದ್ದಿ ಹುಡುಕಿ ಕಾಲ ಕಳೆಯಬೇಡಿ. ಸೆನ್ಸಾರ್ ಹಡಗಿನ ಹೆಸರು ಬಿಡುತ್ತಿರಲಿಲ್ಲ. 1943ರ ನವೆಂಬರ್ 26ರಂದು ಸೈನ್ಯ ಸಾಗಿಸುತ್ತಿದ್ದ ‘ರೋನಾ’ ಹಡಗು ಮುಳುಗಿ 1,015 ಅಮೆರಿಕನ್ ಸೈನಿಕರು ಸತ್ತರೂ ಪೂರ್ತಿ ವಿವರ ಮನೆಯವರಿಗೆ ದಶಕಗಳ ಕಾಲ ತಲುಪಲಿಲ್ಲ.

ಸಿಕ್ಕಿದ್ದನ್ನು ಲೆಕ್ಕ ಹಾಕಿ ಒರೆಗೆ ಹಚ್ಚಿ. ಬೊಂಬಾಯಿಂದ ಸುಯೆಜ್ ಸುಮಾರು 3,000 ನಾಟಿಕಲ್ ಮೈಲಿ. ಹತ್ತು ನಾಟ್ (ಗಂಟೆಗೆ ಹತ್ತು ನಾಟಿಕಲ್ ಮೈಲಿ) ವೇಗದಲ್ಲಿ ದಿನಕ್ಕೆ 240, ಅಂದರೆ ಹನ್ನೆರಡೂವರೆ ದಿನ. ಹದಿನೈದರಲ್ಲಿ ಎಂಟು ದಿನದ ಮೇಲೆ. ಕಾನ್ವಾಯ್ ನಡೆಯುವುದು ಅತಿ ನಿಧಾನದ ಹಡಗಿನ ವೇಗದಲ್ಲಿ, ಸಬ್‌ಮರೀನ್ ಭಯಕ್ಕೆ ಅಂಕುಡೊಂಕಾಗಿ ಹೋದರೆ ಇನ್ನೂ ತಡ. ನಿಮ್ಮ ಲೆಕ್ಕದಲ್ಲಿ ಐದೇ ದಿನಕ್ಕೆ ಸುಯೆಜ್ ಮುಟ್ಟಿದರೆ ಒಂದು ತಾರೀಖು ತಪ್ಪಿದೆ, ಇಲ್ಲವೇ ಹಡಗು ಬೇರೆ.

ಗಂಟೆಯನ್ನೂ ಗಮನಿಸಿ. ಹಡಗಿನ ಲಾಗ್ (ದಿನಚರಿ ಪುಸ್ತಕ) ಗ್ರೀನಿಚ್ ಸಮಯದಲ್ಲಿರಬಹುದು. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ನಮ್ಮ ಗಡಿಯಾರ ಅದಕ್ಕಿಂತ ಐದೂವರೆಯಲ್ಲ, ಆರೂವರೆ ಗಂಟೆ ಮುಂದಿತ್ತು. ಸಂಜೆ ಆರರ ಲಾಗ್ ಇಲ್ಲಿ ಮಾರನೇ ದಿನದ ತಾರೀಖಾಗುತ್ತದೆ. ಲಾಗ್‌ನ ತಾರೀಖಿಗೂ ಪಲ್ಟನ್ನಿನ ಡೈರಿಗೂ ಒಂದೇ ದಿನದ ಅಂತರ ಬಂದರೆ, ಹಡಗು ತಪ್ಪೆಂದು ಕೈಬಿಡುವ ಮುಂಚೆ ಇದನ್ನು ನೋಡಿ.