ಕೊಯ್ದ ಕೋವಿಗೆ ಮರುಜೀವ: ಯುದ್ಧಕಾಲದ ಮೌಸರ್ ರೈಫಲನ್ನು ಹದಕ್ಕೆ ತರುವುದು ಹೇಗೆ?

ಅಮೆರಿಕದ ಸಣ್ಣ ಊರುಗಳಲ್ಲಿ ವಾರಾಂತ್ಯಕ್ಕೆ ನಡೆಯುವ ಗನ್ ಶೋಗಳಿಗೆ ಹೋದರೆ ಇಂಥದ್ದೊಂದು ಕೋವಿ ಕಣ್ಣಿಗೆ ಬಿದ್ದೇ ಬೀಳುತ್ತದೆ. ಮುಂಭಾಗದ ಮರವನ್ನು ಅರ್ಧಕ್ಕೇ ಕೊಯ್ದಿರುತ್ತಾರೆ. ಗುರಿ ಹಿಡಿಯಲೆಂದು ಇದ್ದ ಸೇನೆಯ ನೋಟಗಣ್ಣನ್ನು ಕಿತ್ತು, ಬೆನ್ನ ಮೇಲೊಂದು ದುರ್ಬೀನು ಕೂರಿಸಿರುತ್ತಾರೆ. ಹುಟ್ಟಿನಿಂದ ಅದು ಜರ್ಮನ್ ಸೇನೆಯ ಮೌಸರ್ ರೈಫಲ್, ಕಾರಬಿನರ್ 98ಕೆ. 1935ರಲ್ಲಿ ಸೇನೆಗೆ ಸೇರಿದ ಈ ರೈಫಲ್ ಎರಡನೇ ಮಹಾಯುದ್ಧ ಮುಗಿಯುವಷ್ಟರಲ್ಲಿ ಒಂದು ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಗಿತ್ತು. ಗೆದ್ದ ಸೈನಿಕರು ನೆನಪಿಗೆಂದು ಮನೆಗೆ ತಂದರು. ಮಿಲಿಟರಿ ಉಳಿಕೆ ಮಾಲು ಅಗ್ಗದ ಬೆಲೆಗೆ ಅಂಚೆಯಲ್ಲೇ ಮನೆ ಬಾಗಿಲಿಗೆ ಬರುತ್ತಿತ್ತು. 1968ರ ಕಾನೂನು ಬರುವವರೆಗೆ ಅದಕ್ಕೆ ತಡೆಯಿರಲಿಲ್ಲ. ಜಿಂಕೆ ಬೇಟೆಗೆ ಹಗುರಾದ ಕೋವಿ ಬೇಕೆಂದು ರೈತರು, ಕಾರ್ಖಾನೆ ಕೆಲಸಗಾರರು ತಮ್ಮ ಶೆಡ್ಡಿನಲ್ಲೇ ಅದನ್ನು ಕೊಯ್ದು, ಉಜ್ಜಿ, ಬೇಟೆಗೆ ಹೊಂದಿಸಿಕೊಂಡರು. ಇಂಥವಕ್ಕೆ ಅಲ್ಲಿ ‘ಸ್ಪೋರ್ಟರ್’ ಎನ್ನುತ್ತಾರೆ.

ಪೆನ್ಸಿಲ್ವೇನಿಯಾದಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರು ಕಳೆದ ಚಳಿಗಾಲದಲ್ಲಿ ತಮ್ಮ ತಂದೆಯ ಕೋವಿಯನ್ನು ಕಂಬಳಿಯಲ್ಲಿ ಸುತ್ತಿ ನನ್ನ ಮುಂದಿಟ್ಟರು. ಮರಗೆಲಸದಲ್ಲಿ ನನಗಿರುವ ಹುಚ್ಚು ಅವರಿಗೆ ಗೊತ್ತು. ಎರಡು ತಿಂಗಳು ಇಬ್ಬರೂ ಕೂತು ಮಾಡಿದ ಕೆಲಸದಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಬೇಕು. ಇದು ಅಮೆರಿಕದ ಕಾನೂನಿನೊಳಗೆ ನಡೆದ ಕೆಲಸ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ರಿಪೇರಿ ಮಾಡುವವರಿಗೂ ಪರವಾನಗಿ ಇರಬೇಕು. ಕೈಲ್ ಪೊಳ್ದ್ ದಿನ ಕೋವಿಗೆ ಗೌರಿ ಹೂವಿಟ್ಟು ಪೂಜಿಸುವ ಕೊಡಗಿನ ಮನೆಗಳವರು ಕೂಡ ಹಳೆಯ ಕೋವಿಯನ್ನು ಪರವಾನಗಿ ಇರುವ ಕುಶಲಕರ್ಮಿಗೇ ಕೊಡಲಿ.

ಮೊದಲು ಖಾಲಿ ಮಾಡಿ, ಆಮೇಲೆ ಓದಿ

ಬೋಲ್ಟ್ (ಹಿಂದೆ ಮುಂದೆ ಸರಿದು ಕೋಣೆಯನ್ನು ಮುಚ್ಚುವ ಉಕ್ಕಿನ ಸರಳು) ಹಿಂದಕ್ಕೆಳೆದು ತೋಟಾ ಕೂರುವ ಕೋಣೆಯನ್ನೂ ಮ್ಯಾಗಜಿನ್ನನ್ನೂ ಕಣ್ಣಿನಿಂದ ನೋಡಿ, ಬೆರಳಿಟ್ಟೂ ನೋಡಿ. ಅಜ್ಜನ ಕಾಲದಿಂದ ಅಟ್ಟದಲ್ಲಿದ್ದ ಕೋವಿ ಖಾಲಿಯೇ ಇರುತ್ತದೆ ಎಂದು ನಂಬಬೇಡಿ. ಬೋಲ್ಟನ್ನು ಪೂರ್ತಿ ಹೊರತೆಗೆದು ಬೇರೆ ಕಡೆ ಇಡಿ. ಮನೆಯಲ್ಲಿ ತೋಟಾಗಳಿದ್ದರೆ ಅವು ಬೇರೆ ಕೋಣೆಯಲ್ಲಿರಲಿ.

ಈಗ ಭೂತಗನ್ನಡಿ ಹಿಡಿದು ಕೋವಿಯನ್ನು ಓದಿ. ರಿಸೀವರಿನ (ಬೋಲ್ಟ್ ಓಡಾಡುವ ಉಕ್ಕಿನ ಚೌಕಟ್ಟಿನ) ನೆತ್ತಿಯ ಮೇಲಿನ ಸಂಕೇತಾಕ್ಷರ ಅದು ಹುಟ್ಟಿದ ಕಾರ್ಖಾನೆಯನ್ನು ಹೇಳುತ್ತದೆ: ‘ಬಿವೈಎಫ್’ ಎಂದಿದ್ದರೆ ಓಬರ್ನ್‌ಡಾರ್ಫ್‌ನ ಮೌಸರ್, ‘ಬಿಎನ್‌ಝಡ್’ ಎಂದಿದ್ದರೆ ಆಸ್ಟ್ರಿಯಾದ ಸ್ಟೈಯರ್, ‘ಡಿಒಟಿ’ ಎಂದಿದ್ದರೆ ಚೆಕ್ ನಾಡಿನ ಬ್ರನೋ. ಪಕ್ಕದಲ್ಲೇ ಇಸವಿ ಇರುತ್ತದೆ. ಕ್ರಮಸಂಖ್ಯೆ ಬೋಲ್ಟಿನ ಮೇಲೂ ಇರಬೇಕು. ಸಣ್ಣ ಬಿಡಿಭಾಗಗಳ ಮೇಲೆ ಅದರ ಕೊನೆಯ ಎರಡು ಅಂಕಿ ಇರುತ್ತವೆ. ನಮ್ಮ ಕೋವಿಯಲ್ಲಿ ‘ಬಿವೈಎಫ್ 43’ ಇತ್ತು, ಬೋಲ್ಟ್ ಮಾತ್ರ ಇನ್ನಾವುದೋ ರೈಫಲಿನದು. ನಾಜಿ ಕಾಲದ ಹದ್ದಿನ ತಪಾಸಣಾ ಮುದ್ರೆಗಳನ್ನು ನೋಡಿದರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ. ಹಾಗೆಂದು ಅರದಿಂದ ಉಜ್ಜಿ ಅಳಿಸಬೇಡಿ. ಆ ಉಕ್ಕು ಯಾರ ಕೈಯಲ್ಲಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ತೂತು ನೋಡಿ ತೀರ್ಮಾನಿಸಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಸೇನೆಯ ರೂಪಕ್ಕೆ ಮರಳಿಸಬೇಕೋ, ಬೇಟೆಕೋವಿಯಾಗಿಯೇ ಉಳಿಸಬೇಕೋ ಎಂಬುದನ್ನು ನಮ್ಮ ಆಸೆಯಲ್ಲ, ಕೋವಿಯೇ ಹೇಳಬೇಕು.

ನಳಿಗೆಯ ಉದ್ದ ಅಳೆಯಿರಿ. ಮೂಲ ಅಳತೆ 600 ಮಿಲಿಮೀಟರ್. ಅದು ಹಾಗೇ ಇದ್ದು, ನಳಿಗೆಯ ದಪ್ಪ ಹಂತ ಹಂತವಾಗಿ ಇಳಿಯುವ ಮೆಟ್ಟಿಲುಗಳನ್ನು ಲೇತಿನಲ್ಲಿ ಸವರಿರದೆ, ರಿಸೀವರಿನಲ್ಲಿ ದುರ್ಬೀನಿಗಾಗಿ ತೂತು ಕೊರೆದಿರದಿದ್ದರೆ ನಿಮ್ಮ ಅದೃಷ್ಟ. ಸರಿಯಾದ ಸ್ಟಾಕ್ (ಕೋವಿಯ ಮರದ ಭಾಗ), ನಳಿಗೆಯನ್ನು ಮರಕ್ಕೆ ಬಿಗಿಯುವ ಎರಡು ಪಟ್ಟಿ, ನೋಟಗಣ್ಣು, ಒರೆಸುಕಡ್ಡಿ ಹುಡುಕಿ ಜೋಡಿಸಿದರೆ ಸೈನಿಕನ ಕೋವಿ ಮರಳುತ್ತದೆ. ಕೆಲವು ಕೋವಿಗಳ ಮರ ಪಟ್ಟಿಯ ಅಡಿಯಲ್ಲಿ ಮಾತ್ರ ತುಂಡಾಗಿರುತ್ತದೆ. ಡಫಲ್ ಬ್ಯಾಗಿನಲ್ಲಿ ಹಿಡಿಸಲೆಂದು ಸೈನಿಕರೇ ಗರಗಸ ಹಾಕಿದ ಗುರುತು ಅದು. ಒಳಗೆ ಮರದ ಗೂಟ ಕೊಟ್ಟು ಎಪಾಕ್ಸಿಯಿಂದ ಕೂಡಿಸಿದರೆ ಗೆರೆ ಪಟ್ಟಿಯ ಕೆಳಗೆ ಮರೆಯಾಗುತ್ತದೆ.

ರಿಸೀವರಿಗೆ ತೂತು ಬಿದ್ದಿದ್ದರೆ? ವೆಲ್ಡಿಂಗ್ ಮಾಡಿ ಮುಚ್ಚುವ ಯೋಚನೆ ಬಿಡಿ. ಈ ರಿಸೀವರಿನ ಒಳತಿರುಳು ಮೆದು ಉಕ್ಕು, ಮೇಲ್ಪದರಕ್ಕೆ ಮಾತ್ರ ಗಡಸು ಕೊಟ್ಟಿರುತ್ತಾರೆ. ಬೋಲ್ಟಿನ ಕಿವಿಗಳು ಕಚ್ಚಿಕೊಳ್ಳುವ ಜಾಗದ ಹತ್ತಿರ ಬೆಂಕಿ ತಾಗಿದರೆ ಆ ಗಡಸು ಇಳಿದುಹೋಗುತ್ತದೆ. ಮುಖದ ಹತ್ತಿರ ಸಿಡಿಯುವ ವಸ್ತುವಿನಲ್ಲಿ ಅಂಥ ಸಾಹಸ ಸಲ್ಲದು. ನಮ್ಮ ಕೋವಿಗೆ ನಾಲ್ಕು ತೂತು, ಮೇಲೆ ಟೆಕ್ಸಸ್‌ನ ಎಲ್ ಪಾಸೊದಲ್ಲಿ ತಯಾರಾದ ವೀವರ್ ಕೆ4 ದುರ್ಬೀನು. ಅದಕ್ಕೆ ಅಡ್ಡ ಬಾರದಂತೆ ಬೋಲ್ಟಿನ ಹಿಡಿಯನ್ನು ಇನ್ನಷ್ಟು ಬಗ್ಗಿಸಿ, ಮೇಲೆದ್ದು ತಿರುಗುವ ಮೂಲ ಸೇಫ್ಟಿಯ ಬದಲು ಗಿಡ್ಡದೊಂದನ್ನು ಹಾಕಿದ್ದರು. ಆ ತೂತುಗಳನ್ನು ಅವರ ತಂದೆಯೇ ಕೊರೆದದ್ದು. ಅಂದಮೇಲೆ ಅದೂ ಆ ಕೋವಿಯ ಚರಿತ್ರೆಯೇ. ಬೇಟೆಕೋವಿಯಾಗಿಯೇ ಉಳಿಸೋಣ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ತಲೆಯಾಡಿಸಿದರು.

ದುರ್ಬೀನು ಇದೆಯೆಂದ ಮಾತ್ರಕ್ಕೆ ಅದು ಸ್ನೈಪರ್ ರೈಫಲ್ ಅಲ್ಲ. ಜರ್ಮನ್ನರ ಝಡ್‌ಎಫ್41 ದುರ್ಬೀನು ಬರೀ ಒಂದೂವರೆ ಪಟ್ಟು ದೊಡ್ಡದಾಗಿ ತೋರಿಸುತ್ತಿತ್ತು, ಹಿಂದಿನ ನೋಟಗಣ್ಣಿನ ಬಳಿ ಕೂರುತ್ತಿತ್ತು. ನಿಜವಾದ ಸ್ನೈಪರುಗಳ ಮೇಲೆ ಝೈಸ್, ಹೆನ್ಸೋಲ್ಟ್ ಮುಂತಾದವರ ನಾಲ್ಕು ಪಟ್ಟಿನ ದುರ್ಬೀನುಗಳಿದ್ದವು. ಸ್ಪೋರ್ಟರಿಗೆ ಅಂಥ ದುರ್ಬೀನು ಕೂರಿಸುವ ಹೊಸ ನಕಲು ಮೌಂಟ್ ಹಾಕಿ ಅಸಲಿಯೆಂದು ಮಾರುವವರಿದ್ದಾರೆ. ಅದು ಮೋಸ.

ಮರ

ಯುದ್ಧಕಾಲದ ಸ್ಟಾಕುಗಳಲ್ಲಿ ಹೆಚ್ಚಿನವು ಬೀಚ್ ಮರದ ತೆಳು ಹಲಗೆಗಳನ್ನು ಅಂಟಿಸಿ ಮಾಡಿದವು. ಕೊಯ್ದ ಜಾಗದಲ್ಲಿ ಪದರಗಳು ಎದ್ದು ಕಾಣುತ್ತವೆ. ಇಲ್ಲಿ ಎಲ್ಲರೂ ಮಾಡುವ ತಪ್ಪು ಉಪ್ಪುಕಾಗದ ಹಿಡಿಯುವುದು. ಉಜ್ಜಿದರೆ ಮುದ್ರೆಗಳೂ ಹೋಗುತ್ತವೆ, ಅಂಚುಗಳೂ ಸವೆಯುತ್ತವೆ. ಹಳೆಯ ಜಿಡ್ಡನ್ನು ಮಿನರಲ್ ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ನಿಧಾನವಾಗಿ ತೆಗೆಯಿರಿ. ತಗ್ಗುಗಳಿಗೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆಯ ತುದಿ ತಾಗಿಸಿ. ಆವಿ ಹೊಕ್ಕು, ಒತ್ತಿಹೋಗಿದ್ದ ನಾರು ಉಬ್ಬಿ ಮೇಲೆ ಬರುತ್ತದೆ. ಕುದುರೆಯ (ಟ್ರಿಗರಿನ) ಪಕ್ಕದಲ್ಲಿದ್ದ ಅರ್ಧ ಬೆರಳಗಲದ ತಗ್ಗು ಮೂರನೇ ಸಲಕ್ಕೆ ಸಮವಾದದ್ದನ್ನು ಇಬ್ಬರೂ ಬಗ್ಗಿ ನೋಡಿದೆವು.

ಒಣಗಿದ ಮೇಲೆ ಅಗಸೆ ಎಣ್ಣೆ. ಅಂಗೈಯಲ್ಲಿ ನಾಲ್ಕೈದು ಹನಿ ಹಾಕಿಕೊಂಡು ಮರ ಬೆಚ್ಚಗಾಗುವವರೆಗೆ ತಿಕ್ಕಿ, ಮಿಕ್ಕದ್ದನ್ನು ಒರೆಸಿ, ಒಂದು ದಿನ ಬಿಟ್ಟು ಮತ್ತೆ ಮಾಡಿ. ಆರೇಳು ಸಲ ಸಾಕು. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ.

ಉಕ್ಕು

ಮೇಲ್ಮೈಯ ತುಕ್ಕಿಗೆ ತೆಳು ಎಣ್ಣೆ ಮತ್ತು ಅತಿ ನಯವಾದ ಉಕ್ಕಿನ ನಾರು. ಕುದುರೆಯ ಕಾಪು, ಹಿಂಬದಿಯ ತಗಡು ಮುಂತಾದ ಸಣ್ಣ ಭಾಗಗಳಿಗೆ ಇದಕ್ಕಿಂತ ಒಳ್ಳೆಯ ಉಪಾಯವಿದೆ. ಜಿಡ್ಡು ತೆಗೆದು, ಡಿಸ್ಟಿಲ್ಡ್ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಕುದಿಸಿ. ಕೆಂಪು ತುಕ್ಕು ಕಪ್ಪಾಗಿ, ಒರೆಸಿದಾಗ ಪುಡಿಯಾಗಿ ಉದುರುತ್ತದೆ. ಅಡಿಯಲ್ಲಿ ಹಳೆಯ ನೀಲಿ ಬಣ್ಣ ಇನ್ನೂ ಉಳಿದಿರುತ್ತದೆ. ಅಡುಗೆಗೆ ಮತ್ತೆ ಬಳಸದ ಪಾತ್ರೆಯೇ ಇರಲಿ. ಬಿಸಿ ಮಾಡದೆಯೇ ಉಕ್ಕಿಗೆ ನೀಲಿ ಬಣ್ಣ ಕೊಡುವ, ಬಾಟಲಿಯಲ್ಲಿ ಸಿಗುವ ಕೋಲ್ಡ್ ಬ್ಲೂವನ್ನು ಸಣ್ಣ ಗೀರುಗಳಿಗೆ ಮಾತ್ರ ಹಚ್ಚಿ. ಇಡೀ ಕೋವಿಗೆ ಬಳಿದರೆ ತೇಪೆ ತೇಪೆಯಾಗಿ ಕಾಣುತ್ತದೆ.

ದುರ್ಬೀನಿನ ಹೊರಗಾಜನ್ನು ಮಾತ್ರ ಒರೆಸಿ, ಕೊಳವೆಯನ್ನು ಬಿಚ್ಚಬೇಡಿ. ಮೌಂಟಿನ ಸ್ಕ್ರೂ ಕಚ್ಚಿಕೊಂಡಿದ್ದರೆ ತೂರುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇಲ್ಲದೆ ಕೈ ಹಾಕಬೇಡಿ. ನಾನು ಆತುರಪಟ್ಟು ಒಂದರ ತಲೆ ಹಾಳು ಮಾಡಿದೆ. ಅದನ್ನು ತೆಗೆಯಲು ಮೂರು ಸಂಜೆ ಹಿಡಿಯಿತು.

ಗುಂಡು ಹಾರಿಸುವ ಮುನ್ನ

ಬೋಲ್ಟಿನ ಅಂಕಿ ಹೊಂದದ ಕೋವಿಯನ್ನು ಗನ್‌ಸ್ಮಿತ್ ಹತ್ತಿರ ಒಯ್ದು ಹೆಡ್‌ಸ್ಪೇಸ್ (ಬೋಲ್ಟಿನ ಮುಖಕ್ಕೂ ಕೋಣೆಯಲ್ಲಿ ತೋಟಾ ತಡೆದು ನಿಲ್ಲುವ ಜಾಗಕ್ಕೂ ನಡುವಿನ ಅಂತರ) ಅಳೆಸಲೇಬೇಕು. ಮೂಲ ತೋಟಾ 7.92×57 ಮಿಲಿಮೀಟರ್. ಆದರೆ ಎಷ್ಟೋ ಸ್ಪೋರ್ಟರುಗಳ ಕೋಣೆಯನ್ನು ಬೇರೆ ತೋಟಾಕ್ಕಾಗಿ ಕೊರೆದಿರುತ್ತಾರೆ, ಹೊರಗೆ ಗುರುತೂ ಹಾಕಿರುವುದಿಲ್ಲ. ಕೋಣೆಯ ಅಚ್ಚು ತೆಗೆಸದೆ ಊಹೆಯ ಮೇಲೆ ತೋಟಾ ಹಾಕಬೇಡಿ.

ಮರ ಜೋಡಿಸುವ ಮುನ್ನ ಏನೇನು ಬದಲಿಸಿದೆವು, ಏನನ್ನು ಮುಟ್ಟಲಿಲ್ಲ ಎಂದು ಒಂದು ಚೀಟಿಯಲ್ಲಿ ಬರೆದು ಹಿಂಬದಿಯ ತಗಡಿನ ಕೆಳಗೆ ಮಡಚಿಟ್ಟೆವು. ಮುಂದೆ ಬಿಚ್ಚುವವರಿಗೆ ಅದು ಬೇಕಾಗುತ್ತದೆ. ಹಿರಿಯರು ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಎಲ್ಲಕ್ಕಿಂತ ಮೇಲೆ, ನಾಲ್ಕು ತೂತು ಕೊರೆದವರು ನಮ್ಮಪ್ಪ ಎಂದು ಬರೆದರು.