ಬೈಕಿನ ವೈರಿಂಗ್ ದೋಷ: ಪಾರ್ಟ್ ಬದಲಿಸುವ ಮೊದಲು ಮೀಟರ್ ಹಿಡಿಯಿರಿ

ಸೆಲ್ಫ್ ಒತ್ತಿದರೆ ‘ಟಕ್’ ಎಂದು ಸುಮ್ಮನಾಗುವ ಬೈಕಿಗೆ ಬಹಳಷ್ಟು ಜನ ಮೊದಲು ಹೊಸ ಬ್ಯಾಟರಿ ಹಾಕಿಸುತ್ತಾರೆ, ಅದಕ್ಕೂ ಜಗ್ಗದಿದ್ದರೆ ಸ್ಟಾರ್ಟರ್ ಮೋಟಾರ್ ಬಿಚ್ಚಿಸುತ್ತಾರೆ. ಎಷ್ಟೋ ಸಲ ದೋಷ ಎರಡರಲ್ಲೂ ಇರುವುದಿಲ್ಲ. ನಡುವೆ ಎಲ್ಲೋ ಕಿಲುಬು ಹಿಡಿದ ಟರ್ಮಿನಲ್ ಅಥವಾ ಸಡಿಲವಾದ ಅರ್ಥ್ ಬೋಲ್ಟ್ (ಬ್ಯಾಟರಿಯ ನೆಗೆಟಿವ್ ಕೇಬಲನ್ನು ಲೋಹದ ಭಾಗಕ್ಕೆ ಬಿಗಿಯುವ ಬೋಲ್ಟ್) ಇರುತ್ತದೆ. ಅದನ್ನು ಹುಡುಕಲು ಒಂದು ಡಿಜಿಟಲ್ ಮಲ್ಟಿಮೀಟರ್, ತಂತಿ ಬ್ರಷ್, ಕಾಂಟ್ಯಾಕ್ಟ್ ಕ್ಲೀನರ್ ಮತ್ತು ನಿಮ್ಮ ಮಾಡೆಲ್‌ನ ವೈರಿಂಗ್ ಡಯಾಗ್ರಾಂ ಸಾಕು.

ಬ್ಯಾಟರಿಯಿಂದಲೇ ಶುರುಮಾಡಿ. ಗಾಡಿ ಓಡಿಸಿ ಅಥವಾ ಚಾರ್ಜ್ ಮಾಡಿ ಕೆಲವು ಗಂಟೆ ಬಿಟ್ಟು ಅಳೆಯಿರಿ. ಕೂಡಲೇ ಅಳೆದರೆ ಸುಳ್ಳು ಅಂಕಿ ಬರುತ್ತದೆ. ಲೆಡ್ ಆಸಿಡ್ ಬ್ಯಾಟರಿಯಲ್ಲಿ 12.6 ವೋಲ್ಟ್ ಅಥವಾ ಮೇಲಿದ್ದರೆ ಪೂರ್ತಿ ಚಾರ್ಜ್ ಇದೆ. 12.4ಕ್ಕಿಂತ ಕೆಳಗಿದ್ದರೆ ಚಾರ್ಜರ್‌ಗೆ ಹಾಕಿ. ರಾತ್ರಿಯಿಡೀ ಚಾರ್ಜ್ ಮಾಡಿದರೂ 10.5ರ ಆಸುಪಾಸಿನಲ್ಲೇ ನಿಂತರೆ ಒಂದು ಸೆಲ್ ಸತ್ತಿದೆ.

ನಿಂತಾಗಿನ ವೋಲ್ಟೇಜ್ ಅರ್ಧ ಕಥೆ ಮಾತ್ರ. ಮೀಟರ್ ಕಡ್ಡಿಗಳನ್ನು ಬ್ಯಾಟರಿಯ ಮೇಲೇ ಇಟ್ಟುಕೊಂಡು ಸೆಲ್ಫ್ ಒತ್ತಿ. 10ರ ಹತ್ತಿರಕ್ಕೆ ಇಳಿಯುವುದು ಸಹಜ. 7–8ಕ್ಕೆ ಕುಸಿದರೆ ಬ್ಯಾಟರಿ ಒಳಗೆ ಸವೆದಿದೆ, ಇಲ್ಲವೇ ಮೋಟಾರ್ ಜಾಮ್ ಆಗಿ ವಿಪರೀತ ಕರೆಂಟ್ ಎಳೆಯುತ್ತಿದೆ. ವೋಲ್ಟೇಜ್ 12.5ರಿಂದ ಕದಲದೆ ಮೋಟಾರ್ ಕೂಡ ತಿರುಗದಿದ್ದರೆ ಕರೆಂಟ್ ಹೋಗುವ ದಾರಿ ಎಲ್ಲೋ ಕಟ್ಟಿಕೊಂಡಿದೆ.

ಇಲ್ಲಿ ವೋಲ್ಟೇಜ್ ಡ್ರಾಪ್ ಟೆಸ್ಟ್ ಬೇಕು, ಅಂದರೆ ಕರೆಂಟ್ ಹರಿಯುವಾಗ ದಾರಿಯಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತಿದೆ ಎಂಬ ಅಳತೆ. ಮೀಟರ್ ಡಿಸಿ ವೋಲ್ಟ್‌ನಲ್ಲಿರಲಿ. ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಇಂಜಿನ್‌ನ ಬಣ್ಣವಿಲ್ಲದ ಲೋಹಕ್ಕೆ ಹಿಡಿದು ಸೆಲ್ಫ್ ಒತ್ತಿ. 0.2 ವೋಲ್ಟ್ ಒಳಗಿದ್ದರೆ ಅರ್ಥ್ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಕೇಬಲ್ ಬಿಚ್ಚಿ, ಎರಡೂ ತುದಿ ಹೊಳೆಯುವಂತೆ ಉಜ್ಜಿ, ಬಿಗಿ ಮಾಡಿ. ಪಾಸಿಟಿವ್ ಕಂಬದಿಂದ ಸ್ಟಾರ್ಟರ್ ರಿಲೇಯ (ಸೆಲ್ಫ್ ಒತ್ತಿದಾಗ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್) ಎರಡೂ ಬೋಲ್ಟ್‌ಗಳಿಗೆ, ಅಲ್ಲಿಂದ ಮೋಟಾರ್‌ಗೆ ಹಂತಹಂತವಾಗಿ ಹೀಗೇ ಅಳೆಯಿರಿ. ವೈರ್ ತುಂಡಾಗಿಲ್ಲ ಎಂದು ತಿಳಿಸುವ ಮೀಟರಿನ ‘ಬೀಪ್’ ನಂಬಿ ಕೂರಬೇಡಿ: ಹತ್ತಾರು ಎಳೆಗಳ ಕೇಬಲ್‌ನಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ, ಆದರೆ ಮೋಟಾರ್ ತಿರುಗಿಸುವಷ್ಟು ಕರೆಂಟ್ ಆ ಎಳೆಯಲ್ಲಿ ಹರಿಯದು.

‘ಟಕ್’ ಎಂಬ ಶಬ್ದವೂ ಬರದಿದ್ದರೆ ಫ್ಯೂಸ್, ಕಿಲ್ ಸ್ವಿಚ್, ಕ್ಲಚ್ ಸ್ವಿಚ್, ಸೈಡ್ ಸ್ಟ್ಯಾಂಡ್ ಸ್ವಿಚ್ ನೋಡಿ. ಸೈಡ್ ಸ್ಟ್ಯಾಂಡ್ ಸ್ವಿಚ್‌ಗೆ ಕೆಸರು ಮೆತ್ತುವುದು ತೀರಾ ಸಾಮಾನ್ಯ.

ಬ್ಯಾಟರಿ ಪದೇಪದೇ ಇಳಿಯುತ್ತಿದ್ದರೆ ಇಂಜಿನ್ ಚಾಲೂ ಮಾಡಿ ಬ್ಯಾಟರಿಯ ವೋಲ್ಟೇಜನ್ನು ಸುಮಾರು 4,000 ಆರ್‌ಪಿಎಂನಲ್ಲಿ ಅಳೆಯಿರಿ. 13.8ರಿಂದ 14.5 ವೋಲ್ಟ್ ಸರಿ. 15 ದಾಟಿದರೆ ಚಾರ್ಜಿಂಗ್ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ; ಬ್ಯಾಟರಿ ಬೇಯುವ ಮೊದಲು ಬದಲಿಸಿ. 13 ಮುಟ್ಟದಿದ್ದರೆ ಸ್ಟೇಟರ್ (ಇಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವ ಕಾಯಿಲ್) ವೈರುಗಳ ಕಪ್ಲರ್, ಅಂದರೆ ಜೋಡಣೆಯ ಪ್ಲಗ್ ನೋಡಿ. ಶಾಖಕ್ಕೆ ಕರಗಿ ಕಂದಾಗಿರುವ ಪಿನ್ ಕಣ್ಣಿಗೇ ಕಾಣುತ್ತದೆ. ತ್ರೀ ಫೇಸ್ ಸ್ಟೇಟರ್ ಆದರೆ ಕಪ್ಲರ್ ಬಿಚ್ಚಿ, ಇಂಜಿನ್ ಚಾಲೂ ಇಟ್ಟು, ಸ್ಟೇಟರ್ ಕಡೆಯ ಮೂರು ವೈರುಗಳನ್ನು ಎರಡೆರಡಾಗಿ ಎಸಿ ವೋಲ್ಟ್‌ನಲ್ಲಿ ಅಳೆಯಿರಿ. ಮೂರೂ ಅಂಕಿ ಹೆಚ್ಚುಕಡಿಮೆ ಸಮ ಇರಬೇಕು. ಇಂಜಿನ್ ನಿಲ್ಲಿಸಿ ಮೀಟರಿನಲ್ಲಿ ನೋಡಿದಾಗ ಆ ಯಾವ ವೈರೂ ಗಾಡಿಯ ಲೋಹಕ್ಕೆ ತಾಗುತ್ತಿರಬಾರದು. ಚಾಲೂ ಇರುವಾಗ ಬ್ಯಾಟರಿ ಕೇಬಲ್ ಬಿಚ್ಚಿ ಪರೀಕ್ಷಿಸುವ ಹಳೆಯ ಅಭ್ಯಾಸ ಬೇಡವೇ ಬೇಡ, ಇಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ (ಇಸಿಯು) ಸುಟ್ಟುಹೋದೀತು.

ಚಾರ್ಜಿಂಗ್ ಸರಿಯಿದ್ದೂ ನಿಂತಲ್ಲೇ ಬ್ಯಾಟರಿ ಖಾಲಿಯಾದರೆ ಕರೆಂಟ್ ಸೋರುತ್ತಿದೆ. ಕೀ ತೆಗೆದು, ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್ ಮತ್ತು ಕಂಬದ ನಡುವೆ ಮೀಟರನ್ನು 10 ಆಂಪಿಯರ್ ಸಾಕೆಟ್‌ನಲ್ಲಿ ಸೇರಿಸಿ. ಆಗ ಕೀ ಆನ್ ಮಾಡಬೇಡಿ, ಸೆಲ್ಫ್ ಒತ್ತಲೇಬೇಡಿ. ಕೆಲವೇ ಮಿಲಿಆಂಪಿಯರ್ ಪರವಾಗಿಲ್ಲ. 50 ಮಿಲಿಆಂಪಿಯರ್ ಸೋರಿದರೆ ದಿನಕ್ಕೆ 1.2 ಆಂಪಿಯರ್ ಅವರ್; 5 ಆಂಪಿಯರ್ ಅವರ್ ಬ್ಯಾಟರಿ ನಾಲ್ಕೇ ದಿನಕ್ಕೆ ಮಲಗುತ್ತದೆ. ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತಾ ಬನ್ನಿ. ಯಾವುದು ಕಿತ್ತಾಗ ಅಂಕಿ ಇಳಿಯಿತೋ ಆ ಲೈನಿನಲ್ಲೇ ಕಳ್ಳ. ಆಮೇಲೆ ಹಾಕಿಸಿದ ಅಲಾರಂ, ಯುಎಸ್‌ಬಿ ಚಾರ್ಜರ್‌ಗಳ ಮೇಲೆ ಮೊದಲ ಅನುಮಾನವಿರಲಿ.

ಫ್ಯೂಸ್ ಮತ್ತೆಮತ್ತೆ ಹಾರಿದರೆ 10 ಆಂಪಿಯರಿನ ಜಾಗಕ್ಕೆ 20 ಆಂಪಿಯರಿನದು ಹಾಕಬೇಡಿ, ಫ್ಯೂಸ್ ಬದಲು ವೈರ್ ಹೊತ್ತಿಕೊಳ್ಳುತ್ತದೆ. ಹ್ಯಾಂಡಲ್ ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿ ನೋಡಿ. ಹ್ಯಾಂಡಲ್ ಕತ್ತಿನ ಬಳಿ ವೈರ್ ಗೊಂಚಲು ದಿನವೂ ಮಡಚಿ ಉಜ್ಜಿ, ಇನ್ಸುಲೇಷನ್ ಸೀಳುವುದು ಅಲ್ಲೇ. ಸೀಳಿದ್ದು ಸಿಕ್ಕರೆ ಟೇಪ್ ಸುತ್ತಿ ಬಿಡದೆ, ಸೋಲ್ಡರ್ ಅಥವಾ ಕ್ರಿಂಪ್ (ಲೋಹದ ತೋಳಿನಲ್ಲಿ ಅದುಮಿ ಜೋಡಿಸುವುದು) ಮಾಡಿ, ಬಿಸಿಗೆ ಕುಗ್ಗಿ ಹಿಡಿಯುವ ಹೀಟ್ ಶ್ರಿಂಕ್ ಕೊಳವೆ ಹಾಕಿ. ಗೊಂಚಲು ಮತ್ತೆ ಉಜ್ಜದಂತೆ ಸ್ವಲ್ಪ ಸಡಿಲ ಬಿಟ್ಟು ಟೈ ಕಟ್ಟಿ.